ಲ್ಯಾಪ್‌ಟಾಪ್ ಒಳಗೆ ಅಡಿಕೆ ಸಿಪ್ಪೆ: ದುರ್ಗಿಗುಡಿಯ ರಿಪೇರಿ ಅಂಗಡಿಯ ಅನುಭವ

ನಮ್ಮದು ಸಾಗರದ ಕಡೆ ಹಳ್ಳಿ, ಮನೆಯಿಂದಲೇ ಕೆಲಸ. ಜನವರಿಯಿಂದ ನನ್ನ ಐದು ವರ್ಷದ ಲ್ಯಾಪ್‌ಟಾಪ್ ವಿಡಿಯೊ ಮೀಟಿಂಗ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಪಟ್ ಅಂತ ಆಫ್ ಆಗುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಆನ್. ಅಡಿ ಮುಟ್ಟಿದರೆ ಕೈ ಸುಡುತ್ತಿತ್ತು.

ಮೊದಲು ತೋರಿಸಿದ ಅಂಗಡಿಯಲ್ಲಿ (ಹೆಸರು ಬೇಡ) ಬಿಚ್ಚಿಯೂ ನೋಡದೆ "ಮದರ್‌ಬೋರ್ಡ್ ಹೋಗಿದೆ, 9,000 ಆಗುತ್ತೆ" ಅಂದರು. ವಾಪಸ್ ತಂದೆ. ಆಮೇಲೆ ಒಂದು ಶನಿವಾರ ಸುಮಾರು 70 ಕಿಲೋಮೀಟರ್ ಬಸ್ಸಲ್ಲಿ ಕೂತು ಶಿವಮೊಗ್ಗಕ್ಕೆ ಹೋದೆ. ದುರ್ಗಿಗುಡಿಯಲ್ಲಿ ಮಹಡಿ ಮೇಲೆ ಒಂದು ಸಣ್ಣ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ.

ಅಲ್ಲಿನ ಹುಡುಗ ಮೊದಲು ಟೆಂಪರೇಚರ್ ತೋರಿಸುವ ಒಂದು ಉಚಿತ ಸಾಫ್ಟ್‌ವೇರ್ ಹಾಕಿದ. ಏನೂ ಓಡಿಸದೆ ಸುಮ್ನೆ ಇಟ್ಟರೂ 76 ಡಿಗ್ರಿ. ಒಂದು ವಿಡಿಯೊ ಹಾಕಿದ್ದೇ 98ಕ್ಕೆ ಹೋಯಿತು, ಸ್ವಲ್ಪ ಹೊತ್ತಿಗೆ ಆಫ್. "ಇದು ಕೆಟ್ಟಿಲ್ಲ ಸರ್, ಸುಟ್ಟು ಹೋಗಬಾರದು ಅಂತ ತಾನೇ ಆಫ್ ಆಗ್ತಿದೆ" ಅಂದ. ಪ್ರೊಸೆಸರ್ ಬಿಸಿಯಾದಾಗ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದಂತೆ, ಅದಕ್ಕೂ ಬಗ್ಗದಿದ್ದರೆ ಕೊನೆಗೆ ಕರೆಂಟ್ ಕಡಿದುಕೊಳ್ಳುತ್ತದಂತೆ. ಅದಕ್ಕೇ ಮೀಟಿಂಗ್‌ನಲ್ಲಿ ಆಫ್ ಆಗೋ ಮೊದಲು ಎಲ್ಲ ತೆವಳುತ್ತಿತ್ತು, ನಾನು ನೆಟ್‌ವರ್ಕ್‌ಗೆ ಬೈಯುತ್ತಿದ್ದೆ!

ನನ್ನ ಎದುರಿಗೇ ಹಿಂದಿನ ಮುಚ್ಚಳ ಬಿಚ್ಚಿದ. ಫ್ಯಾನ್ ಚೆನ್ನಾಗೇ ತಿರುಗುತ್ತಿತ್ತು, ಆದರೆ ಗಾಳಿ ಹೊರಗೆ ಹೋಗುವ ಜಾಲರಿಗೆ ಕಂದು ಬಣ್ಣದ ಕಂಬಳಿ ತುಂಡಿನಂಥದ್ದು ಅಂಟಿಕೊಂಡಿತ್ತು. ಚಿಮಟದಲ್ಲಿ ಎಳೆದು ಬೆಳಕಿಗೆ ಹಿಡಿದು ಕೇಳಿದ: "ಮನೇಲಿ ಅಡಿಕೆ ಸುಲಿಯೋ ಮಿಷನ್ ಇದೆಯಾ ಸರ್?" ಇದೆ. ಜಗಲಿಯಲ್ಲಿ ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದ ಹಣ್ಣಡಿಕೆ) ಸುಲಿಯುತ್ತಾರೆ, ಅದೇ ಜಗಲಿಯ ಈ ತುದಿಯಲ್ಲಿ ನನ್ನ ಟೇಬಲ್, ಯಾಕೆಂದರೆ ಸಿಗ್ನಲ್ ಸಿಗೋದು ಅಲ್ಲೇ. ಸಿಪ್ಪೆಯ ನಾರು, ಧೂಳು ಎಲ್ಲ ಫ್ಯಾನ್ ಎಳೆದುಕೊಂಡಿದೆ.

ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಹಳೇ ಸುಣ್ಣದ ಹಾಗೆ ಒಣಗಿ ಉದುರುತ್ತಿತ್ತು. ಪ್ರೊಸೆಸರ್ ಚಿಪ್‌ಗೂ ಅದರ ಬಿಸಿ ಎಳೆದುಕೊಳ್ಳುವ ತಾಮ್ರದ ತಗಡಿಗೂ ನಡುವಿನ ಕಣ್ಣಿಗೆ ಕಾಣದ ಸಂದು ತುಂಬಿ ಬಿಸಿ ದಾಟಿಸುವುದು ಅದರ ಕೆಲಸ, ಒಣಗಿ ಬಿರುಕು ಬಿಟ್ಟರೆ ಬಿಸಿ ಅಲ್ಲೇ ನಿಲ್ಲುತ್ತದೆ. ಹಳೆಯದನ್ನು ಸ್ಪಿರಿಟ್‌ನಲ್ಲಿ ಒರೆಸಿ ಕಡಲೆಕಾಳಿನಷ್ಟು ಹೊಸದು ಹಾಕಿದ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದ, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಜಾಸ್ತಿ ತಿರುಗಿ ಬೇರಿಂಗ್ ಹಾಳಾಗಬಹುದಂತೆ. ಮನೆಯಲ್ಲೇ ಮಾಡುವವರು ನೆನಪಿಟ್ಟುಕೊಳ್ಳಿ.

ಈಗ ಸುಮ್ನೆ ಇದ್ದಾಗ 47, ಮೀಟಿಂಗ್‌ನಲ್ಲಿ 72. ಎರಡು ತಿಂಗಳಾಯಿತು, ಒಂದು ಸಲವೂ ಆಫ್ ಆಗಿಲ್ಲ. ಕೊಟ್ಟಿದ್ದು 850 ರೂಪಾಯಿ.

ದೂರೂ ಇದೆ. ಒಂದು ಗಂಟೆ ಅಂದವನು ಮೂರು ಗಂಟೆ ಮಾಡಿದ, ಕಡೇ ಬಸ್ ತಪ್ಪುವುದರಲ್ಲಿತ್ತು. ಬಿಲ್ ಕೇಳಿದರೆ ಹಳೇ ಡೈರಿ ಹಾಳೆಯಲ್ಲಿ ಬರೆದುಕೊಟ್ಟ. ಮನೆಗೆ ಬಂದು ನೋಡಿದರೆ ಅಡಿಯ ಒಂದು ಸ್ಕ್ರೂ ಇಲ್ಲ. ಫೋನ್ ಮಾಡಿದ್ದಕ್ಕೆ "ಇಲ್ಲೇ ಟೇಬಲ್ ಮೇಲಿದೆ ಸರ್, ಎತ್ತಿಟ್ಟಿರ್ತೀನಿ" ಅಂದ. ಟೇಬಲ್ಲನ್ನು ಜಗಲಿಯಿಂದ ಒಳಗಿನ ಕೋಣೆಗೆ ಸಾಗಿಸಿದ್ದೇನೆ. ಸಿಗ್ನಲ್ ಒಂದೇ ಕಡ್ಡಿ.