ಡಿಸ್ಕೌಂಟ್ ಫರ್ನಿಚರ್ ನಮ್ಮ ಕಾಸರಗೋಡಿನ ಮಳೆಗೆ ತಡೆಯುತ್ತದಾ?

ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರು ಕಡೆಗೆ ಹೋಗುವಾಗ ಹೆದ್ದಾರಿ ಬದಿಯಲ್ಲಿ ದೊಡ್ಡ ದೊಡ್ಡ ಫರ್ನಿಚರ್ ಮಳಿಗೆಗಳು ಕಾಣುತ್ತವೆ. '60 ಶೇಕಡಾ ರಿಯಾಯಿತಿ' ಎಂಬ ಬ್ಯಾನರ್ ವರ್ಷವಿಡೀ ಅಲ್ಲೇ ಇರುತ್ತದೆ. 2021ರಲ್ಲಿ ಕುಂಬಳೆ ಹತ್ತಿರ ನಮ್ಮ ಮನೆ ಒಕ್ಕಲಾದಾಗ ಹೆಚ್ಚಿನ ಸಾಮಾನು ಅಂಥ ಒಂದು ಅಂಗಡಿಯಿಂದಲೇ ಬಂತು. ಮೂರು ಬಾಗಿಲಿನ ಕಪಾಟು, ಆರು ಕುರ್ಚಿಯ ಊಟದ ಮೇಜು, ಸೋಫಾ, ಕಬ್ಬಿಣದ ಮಂಚ, ಚಪ್ಪಲಿ ಸ್ಟ್ಯಾಂಡ್. ಆಮೇಲೆ ಬದಿಯಡ್ಕದ ಅಕ್ಕನ ಮನೆಯವರು, ಉಪ್ಪಳದ ಭಾವ ಕೂಡ ಅಲ್ಲಿಗೇ ಹೋದರು. ಅಂಗಡಿಯ ಹೆಸರು ಬರೆಯುವುದಿಲ್ಲ. ಯಾವ ಸಾಮಾನು ಹೇಗೆ ಬಾಳಿತು ಅಂತ ಗೊತ್ತಿದ್ದರೆ ನೀವು ಯಾವ ಅಂಗಡಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಇಂಥ ಕಡೆ ಮರದ್ದು, ಕಬ್ಬಿಣದ್ದು ಧೈರ್ಯವಾಗಿ ತಗೊಳ್ಳಿ, ಬೆಲೆ ನಿಜಕ್ಕೂ ಕಮ್ಮಿ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನದ್ದು ಮಾತ್ರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಮ್ಮ ಊರಿಗೆ ಬೇಡ.

ಕಾರಣ ಮಳೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುತ್ತದೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನಮ್ಮಲ್ಲಿ ಹೆಚ್ಚಿನ ಮನೆಗಳದ್ದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆ. ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಾಗ ಗೋಡೆಗೆ ಕೈ ಇಟ್ಟರೆ ಪಸೆ ಗೊತ್ತಾಗುತ್ತದೆ, ನೆಲದ ಟೈಲ್ಸ್ ಬೆವರುತ್ತದೆ. ಆ ಅಂಗಡಿಯಲ್ಲಿ ಸಾಮಾನು ಇರುವುದು ಎಸಿಯಲ್ಲಿ. ಅಲ್ಲಿ ಮಿರಮಿರ ಮಿಂಚುವ ಕಪಾಟು ನಮ್ಮ ಮಲಗುವ ಕೋಣೆಯಲ್ಲಿ ಹೇಗಿರುತ್ತದೆ ಅಂತ ಅಲ್ಲಿ ನಿಂತು ಊಹಿಸುವುದು ಕಷ್ಟ.

ನಮ್ಮ ಕಪಾಟು ಪಾರ್ಟಿಕಲ್ ಬೋರ್ಡಿನದ್ದೇ. ಅದರ ಚೀಟಿಯಲ್ಲಿ 38,000 ಅಂತ ಬರೆದು ಗೆರೆ ಎಳೆದಿತ್ತು. ನಮಗೆ ಕೊಟ್ಟದ್ದು 17,500ಕ್ಕೆ. ಹೆಂಡತಿ ಸೇಲ್ಸ್‌ನ ಹುಡುಗನ ಹತ್ತಿರ, "ನಮ್ಮ ಕಡೆ ಮಳೆಗಾಲದಲ್ಲಿ ಭಾರಿ ಥಂಡಿ ಮಾರಾಯ, ಇದು ತಡೆಯುತ್ತದಾ?" ಅಂತ ಕೇಳಿದಳು. "ಇದು ವಾಟರ್‌ಪ್ರೂಫ್ ಬೋರ್ಡ್ ಅಕ್ಕಾ, ಏನೂ ಆಗುವುದಿಲ್ಲ" ಅಂದ. "ಹಾಗಾದರೆ ಅದನ್ನು ಎಸ್ಟಿಮೇಟಿನಲ್ಲಿ ಬರೆದು ಕೊಡು" ಅಂದಳು. ಅವನು ಬರೆದು ಕೊಟ್ಟ. ಆ ಒಂದು ಸಾಲು ಮುಂದೆ ನಮ್ಮನ್ನು ಕಾಪಾಡಿತು.

ಮೊದಲ ಮಳೆಗಾಲ ಮುಗಿಯುವ ಮೊದಲೇ ಎಡಬದಿಯ ಬಾಗಿಲು ಹಾಕುವಾಗ ಕೆಳಗೆ ಉಜ್ಜತೊಡಗಿತು. ಬಗ್ಗಿ ನೋಡಿದರೆ ತಳದ ಹಲಗೆ ಉಬ್ಬಿತ್ತು. ಅಂಚಿಗೆ ಅಂಟಿಸಿದ ತೆಳು ಪಟ್ಟಿ, ಅವರ ಭಾಷೆಯಲ್ಲಿ ಎಡ್ಜ್ ಬ್ಯಾಂಡ್, ಉಗುರು ತಾಗಿಸಿದರೆ ಎದ್ದು ಬರುತ್ತಿತ್ತು. ಒಳಗಿನ ಬೋರ್ಡು ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನ ಹಾಗೆ ಪುಡಿಪುಡಿ. ಹಿಂಬದಿಯಲ್ಲಿ ಹಾಕಿದ್ದು ಮೂರು ಮಿಲಿಮೀಟರ್ ದಪ್ಪದ ಹಲಗೆ. ಅದರ ಮೇಲೆ ಬೆಳ್ಳಗೆ ಬೂಷ್ಟು ಹಬ್ಬಿ, ಕಪಾಟಿನೊಳಗಿನ ರೇಷ್ಮೆ ಸೀರೆಗಳಿಗೂ ವಾಸನೆ ಹಿಡಿದಿತ್ತು.

ಯಾಕೆ ಹೀಗಾಗುತ್ತದೆ ಅಂದರೆ, ಪಾರ್ಟಿಕಲ್ ಬೋರ್ಡು ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡುವಂಥದ್ದು. ಚೂರುಗಳು ನೀರು ಕುಡಿದರೆ ಉಬ್ಬುತ್ತವೆ. ಒಣಗಿದ ಮೇಲೂ ಮೊದಲಿನ ಅಳತೆಗೆ ಬರುವುದಿಲ್ಲ. ಮೇಲಿನ ಲ್ಯಾಮಿನೇಟ್‌ನಿಂದ ನೀರು ಒಳಗೆ ಹೋಗುವುದಿಲ್ಲ, ಅದು ಸರಿ. ಆದರೆ ಸ್ಕ್ರೂ ಹೊಡೆದ ತೂತು, ಪಟ್ಟಿ ಅಂಟಿಸದ ತಳದ ಅಂಚು, ಹಿಂಬದಿ ಇವೆಲ್ಲ ತೆರೆದೇ ಇರುತ್ತವೆ. ಪಸೆ ಏರುವುದು ಅಲ್ಲಿಂದ. ಇನ್ನೊಂದು ತೊಂದರೆ ಉಂಟು. ಈ ಬೋರ್ಡಿನಲ್ಲಿ ಒಮ್ಮೆ ತೆಗೆದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಗಟ್ಟಿ ಹಿಡಿಯುವುದಿಲ್ಲ. ಹಾಗಾಗಿ ಕಪಾಟನ್ನು ಬಿಚ್ಚಿ ಬೇರೆ ಮನೆಗೆ ಸಾಗಿಸುವ ಯೋಚನೆ ಇದ್ದರೆ ಮೊದಲೇ ಬಿಟ್ಟುಬಿಡಿ.

ಅಂಗಡಿಗೆ ಫೋನ್ ಮಾಡಿದೆ. "ನೀರು ತಾಗಿದ್ದಕ್ಕೆ ವಾರಂಟಿ ಬರುವುದಿಲ್ಲ ಸರ್." ನೀರು ತಾಗಿಲ್ಲ, ಇದು ಬರೀ ಗಾಳಿಯ ಥಂಡಿ ಅಂದೆ. ಫೋಟೋ ಕಳಿಸಿ ಅಂದರು, ಕಳಿಸಿದೆ. ಆಮೇಲೆ ಅವರ ಕಡೆಯಿಂದ ಸುದ್ದಿಯೇ ಇಲ್ಲ. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ಮಲಯಾಳದಲ್ಲೂ ಮಾತಾಡಬಹುದು. ಬಿಲ್ಲು ಮತ್ತು 'ವಾಟರ್‌ಪ್ರೂಫ್' ಅಂತ ಕೈಯಲ್ಲಿ ಬರೆದ ಎಸ್ಟಿಮೇಟಿನ ಫೋಟೋ ಎರಡನ್ನೂ ಕೊಟ್ಟೆವು. ಆಮೇಲೆ ಮ್ಯಾನೇಜರೇ ಫೋನ್ ಮಾಡಿದರು. ತಳದ ಹಲಗೆ, ಎಡಬದಿಯ ಹಲಗೆ ಎರಡನ್ನೂ ದುಡ್ಡಿಲ್ಲದೆ ಬದಲಾಯಿಸಿ ಕೊಟ್ಟರು. ಕೆಲಸಕ್ಕೆ ಬಂದ ಹುಡುಗರು ಬಹಳ ಮರ್ಯಾದೆಯವರು. ಅವರಲ್ಲಿ ಒಬ್ಬ ಹೋಗುವಾಗ, "ಗೋಡೆಯಿಂದ ನಾಲ್ಕು ಇಂಚು ಈಚೆ ಇಡಿ ಸರ್, ಕೆಳಗೆ ಕಾಲು ಹಾಕಿಸಿ" ಅಂತ ಹೇಳಿ ಹೋದ. ಇದನ್ನು ಮಾರುವಾಗಲೇ ಹೇಳಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು, ಅಲ್ವಾ? ಊರಿನ ಆಚಾರಿಯಿಂದ ಪ್ಲಾಸ್ಟಿಕ್ ಕಾಲು ಹಾಕಿಸಿದೆವು. ಆಮೇಲೆ ಉಬ್ಬುವುದು ಬಹಳ ಕಮ್ಮಿಯಾಗಿದೆ. ಆದರೆ ಬಾಗಿಲು ಮೊದಲಿನ ಹಾಗೆ ಕೂರುವುದೇ ಇಲ್ಲ.

ಗಡಿಯಾಚೆ ಸಾಮಾನು ಕೊಳ್ಳುವ ನಮ್ಮವರಿಗೆ ಒಂದು ಮಾತು. ಅಂಗಡಿ ಕರ್ನಾಟಕದಲ್ಲಿ, ನಾವು ಕೇರಳದಲ್ಲಿ, ಇನ್ನು ಕೇಸು ಹಾಕಲು ಮಂಗಳೂರಿಗೆ ಅಲೆಯುವವರು ಯಾರು ಅಂತ ಎಷ್ಟೋ ಜನ ಸುಮ್ನೆ ಕೂರುತ್ತಾರೆ. ಅಲೆಯುವ ಅಗತ್ಯ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಮಗಾದರೆ ಕಾಸರಗೋಡಿನಲ್ಲೇ. ಸಾಮಾನಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು ಅಷ್ಟೇ. 'ಮಾರಿದ ಸರಕು ವಾಪಸ್ ಇಲ್ಲ' ಅಂತ ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿದ್ದನ್ನು ನೋಡಿ ಹೆದರಬೇಡಿ. ಕೆಟ್ಟ ಸಾಮಾನನ್ನು ವಾಪಸ್ ತೆಗೆದುಕೊಳ್ಳದೆ ಇರುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಅಂತ ಕರೆಯುತ್ತದೆ.

ಇನ್ನು ಒಳ್ಳೆಯದಕ್ಕೆ ಬರುತ್ತೇನೆ. ಒಳ್ಳೆಯದು ತುಂಬ ಉಂಟು.

ಊಟದ ಮೇಜು ರಬ್ಬರ್ ಮರದ್ದು. ಆರು ಕುರ್ಚಿ ಸೇರಿ 21,000 ಕೊಟ್ಟೆವು. ಇಷ್ಟೇ ದೊಡ್ಡದನ್ನು ಹಲಸಿನ ಮರದಲ್ಲಿ ಆಚಾರಿಯಿಂದ ಮಾಡಿಸಲು ಕೇಳಿದಾಗ ಇದರ ದುಪ್ಪಟ್ಟು ಹೇಳಿದ್ದರು. ರಬ್ಬರ್ ಮರ ಅಂದರೆ ಸೌದೆ ಅಂತ ನಮ್ಮ ಹಿರಿಯರು ಮೂಗು ಮುರಿಯುತ್ತಾರೆ. ತೋಟದಲ್ಲಿ ಕಡಿದು ಬಿಟ್ಟ ಹಸಿ ಮರಕ್ಕೆ ಕುಟ್ಟೆ ಹುಳ ಬೀಳುವುದು ನಿಜ. ಆದರೆ ಫ್ಯಾಕ್ಟರಿಯಲ್ಲಿ ಬೋರಾನ್ ಮದ್ದು ಹಿಡಿಸಿ, ಬಿಸಿ ಗಾಳಿಯ ಕೋಣೆಯಲ್ಲಿ ಒಣಗಿಸಿದ ಮೇಲೆ ಅದು ಚೆನ್ನಾಗಿ ಬಾಳುತ್ತದೆ. ಹಾಲು ತೆಗೆಯುವ ಕಾಲ ಮುಗಿದ ಮರವನ್ನು ಹೇಗಿದ್ದರೂ ಕಡಿಯಲೇ ಬೇಕು, ಅದಕ್ಕೇ ಅಗ್ಗ. ನಮ್ಮ ಮೇಜಿನ ಮೇಲೆ ಬಿಸಿ ಪಾತ್ರೆಯ ಗುರುತು ಬಿದ್ದಿದೆ, ಒಂದು ಕುರ್ಚಿಯ ಕಾಲು ಸಡಿಲ ಆಗಿ ಅಂಟು ಹಾಕಿದ್ದೇವೆ. ಬೇರೆ ದೂರು ಇಲ್ಲ. ಕೊಳ್ಳುವಾಗ ಮೇಜಿನ ಅಡಿಗೆ ಟಾರ್ಚ್ ಹಾಕಿ ನೋಡಿ. ಪಾಲಿಶ್ ಇಲ್ಲದ ಆ ಜಾಗದಲ್ಲಿ ಸೂಜಿ ಮೊನೆಯಷ್ಟು ತೂತು, ಸಣ್ಣ ಹಿಟ್ಟು ಕಂಡರೆ ಅದು ಬೇಡ.

ಕಬ್ಬಿಣದ ಮಂಚದ ಬಗ್ಗೆ ಬರೆಯಲು ಜಾಸ್ತಿ ಏನಿಲ್ಲ. ಬಂದ ದಿನ ಹೇಗಿತ್ತೋ ಹಾಗೇ ಇದೆ. ಬೆಸುಗೆ ಹಾಕಿದ ಕಡೆ ಮಾತ್ರ ಸ್ವಲ್ಪ ತುಕ್ಕು, ಮಳೆ ಮುಗಿದ ಮೇಲೆ ಪೇಂಟ್ ಹಚ್ಚಿದರೆ ಸಾಕು. ಚಪ್ಪಲಿ ಸ್ಟ್ಯಾಂಡು ಜಗಲಿಯಲ್ಲಿತ್ತು. ಅದೂ ಪಾರ್ಟಿಕಲ್ ಬೋರ್ಡು, ಅದರ ಕತೆ ಬೇಗ ಮುಗಿಯಿತು.

ಅಕ್ಕನಿಗೆ ಆದದ್ದು ಬೇರೆ ಥರ. ಪೇಪರಿನಲ್ಲಿ 9,999ಕ್ಕೆ ಸೋಫಾ ಅಂತ ಜಾಹೀರಾತು ನೋಡಿ ಬದಿಯಡ್ಕದಿಂದ ಜೀಪು ಮಾಡಿಕೊಂಡು ಹೋದರು. ಬೆಳಿಗ್ಗೆ ಅಂಗಡಿ ತೆರೆಯುವಾಗಲೇ "ಸ್ಟಾಕ್ ಮುಗಿದಿದೆ, ಇದು ನೋಡಿ, 26,000ದ್ದು" ಅಂದರಂತೆ. ಇದು ನನಗೆ ಸ್ವಲ್ಪವೂ ಸರಿ ಕಾಣಲಿಲ್ಲ. ಇಂಥ ಆಸೆ ತೋರಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಯಮ ತಂದಿದೆ. ಹೇಳಿದ ಬೆಲೆಗೆ ಕೊಡುವಷ್ಟು ಸಾಮಾನು ಇಟ್ಟುಕೊಳ್ಳದೆ ಜನರನ್ನು ಕರೆಯುವ ಹಾಗಿಲ್ಲ. ಅಕ್ಕ ಅಲ್ಲಿ ಏನೂ ಕೊಳ್ಳದೆ ವಾಪಸ್ ಬಂದರು. ಹಾಗೆ ಎದ್ದು ಬರುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ. ಅಷ್ಟು ದೂರ ಹೋದ ಮೇಲೆ ಬರಿಗೈಯಲ್ಲಿ ಬರಲು ಮನಸ್ಸಾಗುವುದಿಲ್ಲ, ಅಂಗಡಿಯವರಿಗೂ ಅದು ಚೆನ್ನಾಗಿ ಗೊತ್ತು.

ಭಾವ ಪ್ಲೈವುಡ್ ಕಪಾಟು ತಗೊಂಡರು. ಪ್ಲೈವುಡ್‌ನಲ್ಲೂ ವ್ಯತ್ಯಾಸ ಉಂಟು. ಐಎಸ್ (ಭಾರತೀಯ ಮಾನಕ) 303 ಅಂತ ಗುರುತಿದ್ದದ್ದು ಸಾಮಾನ್ಯ ಬಳಕೆಗೆ. ಐಎಸ್ 710 ಇದ್ದದ್ದು ನೀರಿಗೆ ತಡೆಯುವಂಥದ್ದು. ಅವರು ಡ್ರಾಯರ್ ಪೂರ್ತಿ ಹೊರಗೆ ಎಳೆದು, ಹಲಗೆಯ ಅಂಚಿನಲ್ಲಿ ಪದರಗಳು ಕಾಣುತ್ತವಾ ಅಂತ ನೋಡಿ, ನಂಬರನ್ನು ಬಿಲ್ಲಿನಲ್ಲೇ ಬರೆಸಿಕೊಂಡರು. ನಮ್ಮದಕ್ಕಿಂತ 11,000 ಜಾಸ್ತಿ ಬಿತ್ತು. ಉಪ್ಪಳದಲ್ಲಿ ಕಡಲಿಗೆ ಹತ್ತಿರದ ಮನೆ ಅವರದ್ದು. ಆದರೂ ಬಾಗಿಲು ಇವತ್ತಿಗೂ ಒಂದು ಬೆರಳಲ್ಲಿ ಮುಚ್ಚುತ್ತದೆ.

ಡೆಲಿವರಿ ವಿಷಯದಲ್ಲಿ ದೂರು ಹೇಳಲಾರೆ. ಬಿಲ್ 50,000 ದಾಟಿದರೆ ರಾಜ್ಯದ ಗಡಿ ದಾಟಿಸಲು ಇ-ವೇ ಬಿಲ್ ಎಂಬ ಸಾಗಾಟದ ದಾಖಲೆ ಬೇಕಾಗುತ್ತದೆ, ಅದನ್ನು ಅವರೇ ಮಾಡಿಕೊಟ್ಟರು. ಇಳಿಸಲು ಅವರದ್ದೇ ಜನ ಬಂದಿದ್ದರು. ನಮ್ಮಲ್ಲಿ ಕೆಲಸ ಮಾಡದೆ ನೋಡಿ ನಿಂತದ್ದಕ್ಕೇ ಕೂಲಿ ಕೇಳುವ 'ನೋಕ್ಕುಕೂಲಿ'ಯನ್ನು ಕೇರಳ ಸರ್ಕಾರ 2018ರ ಮೇ 1ರಿಂದ ನಿಷೇಧಿಸಿದೆ. ನಮಗಂತೂ ಅಂಥ ಕಿರಿಕಿರಿ ಆಗಲಿಲ್ಲ. ಕಂತಿನಲ್ಲಿ ಕೊಳ್ಳುವವರು ಮಾತ್ರ ನಗದಿಗೆ ಎಷ್ಟು ಕಮ್ಮಿ ಮಾಡುತ್ತಾರೆ ಅಂತ ಮೊದಲು ಕೇಳಿ. 'ಬಡ್ಡಿ ಇಲ್ಲ' ಅಂದ ಮೇಲೂ ಪ್ರೊಸೆಸಿಂಗ್ ಶುಲ್ಕ ಅಂತ ಒಂದು ಸೇರಿಸುತ್ತಾರೆ.

ಕೊನೆಗೆ ಸೋಫಾ. ಕೂರುವ ಜಾಗದ ಫೋಮು ಮೂರನೇ ವರ್ಷಕ್ಕೇ ತಗ್ಗಿ, ನಡುವಿನಲ್ಲಿ ಗುಂಡಿ ಬಿತ್ತು. ಫೋಮಿನ ಡೆನ್ಸಿಟಿ (ಸಾಂದ್ರತೆ) ಎಷ್ಟು ಅಂತ ಬಿಲ್ಲಿನಲ್ಲಿ ಬರೆದಿರಲಿಲ್ಲ. ಅಡಿಯ ಬಟ್ಟೆ ಬಿಚ್ಚಿ ನೋಡಿದಾಗ ಒಳಗಿನ ಚೌಕಟ್ಟು ಒಳ್ಳೆಯ ಮರದ್ದೇ ಇತ್ತು, ಸ್ಪ್ರಿಂಗೂ ಸರಿ ಇತ್ತು. ಹಾಗಾಗಿ ಹೊಸತು ಕೊಳ್ಳಲಿಲ್ಲ. ಕುಂಬಳೆ ಪೇಟೆಯ ಕುಶನ್ ಕೆಲಸದವರಿಗೆ ಕೊಟ್ಟು 40 ಡೆನ್ಸಿಟಿ ಫೋಮು ಹಾಕಿಸಿ, ಬಟ್ಟೆ ಬದಲಾಯಿಸಿದೆವು. 8,500 ಆಯಿತು. ಈಗ ಅಮ್ಮ ಮಧ್ಯಾಹ್ನ ಮಲಗುವುದು ಅದರಲ್ಲೇ.