‘ಪರ್ಮಿಶನ್ ಇದೆ’ ಅಂದ ಕೂಡಲೇ ಡ್ರೋನ್ ಮೇಲೆತ್ತಬೇಡಿ

ನನ್ನ ಡ್ರೋನ್ ಪೊಲೀಸ್ ಠಾಣೆಯ ಬೀರುವಿನಲ್ಲಿ ಕೂತು ಇವತ್ತಿಗೆ 53 ದಿನ. ಮದುವೆ ಸೀಸನ್ ಪೂರ್ತಿ ಬಾಡಿಗೆ ಡ್ರೋನ್ ತಂದು ಕೆಲಸ ಮಾಡಿದೆ. ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೀತಿದ್ದೀನಿ, ಯಾಕಂದರೆ ನನ್ನನ್ನ ಸಿಕ್ಕಿಸಿದ ಬ್ರೋಕರ್ ಈಗಲೂ ಡ್ರೋನ್ ಹಾರಿಸುವ ಹುಡುಗರಿಗೆ ಫೋನ್ ಮಾಡ್ತಾ ಇದ್ದಾನೆ ಅಂತ ಗೊತ್ತಾಗಿದೆ.

ನಾನು ಮಲೆನಾಡಿನವನು, ಸಣ್ಣದೊಂದು ಸ್ಟುಡಿಯೋ ಇದೆ. ಜಮೀನಿನ ಬ್ರೋಕರ್ ಒಬ್ಬರು ಫೋನ್ ಮಾಡಿದರು. ಹಿನ್ನೀರಿನ ಪಕ್ಕ ಸೈಟ್ ಮಾಡಿದ್ದಾರಂತೆ, ಎರಡು ನಿಮಿಷದ ವಿಡಿಯೋ ಬೇಕಂತೆ. 9,000 ರೂಪಾಯಿಗೆ ಮಾತಾಯಿತು, 2,000 ಅಡ್ವಾನ್ಸ್ ಬಂತು. ಅಣೆಕಟ್ಟಿನ ಹೆಸರು ಬರೆಯಲ್ಲ, ಕೇಸ್ ಇನ್ನೂ ಮುಗಿದಿಲ್ಲ.

ನಾನು ಕೇಳಿದೆ. ಇದನ್ನ ಒತ್ತಿ ಹೇಳ್ತೀನಿ, ನಾನು ಕೇಳಿದೆ. ‘ಅಣ್ಣಾ, ಡ್ಯಾಂ ಹತ್ತಿರ ಅಲ್ವಾ, ಪರ್ಮಿಶನ್?’ ಅಂದೆ. ‘ಎಲ್ಲಾ ಇದೆ ಬ್ರದರ್, ಈಗಲೇ ಕಳಿಸ್ತೀನಿ’ ಅಂದರು. ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬಂತು. ತೆರೆದೆ. ಮೇಲೆ ಸರ್ಕಾರಿ ತಲೆಬರಹ, ಕೆಳಗೆ ದುಂಡು ಸೀಲು, ಹಸಿರು ಇಂಕಿನ ಸಹಿ. ಅಷ್ಟೇ ನೋಡಿದ್ದು. ಎರಡು ಪುಟ ಇತ್ತು. ಎರಡನೇ ಪುಟಕ್ಕೆ ನಾನು ಹೋಗಲೇ ಇಲ್ಲ.

ಬೆಳಿಗ್ಗೆ ಏಳಕ್ಕೆ ಹೋದೆವು. ಸೈಟು, ಬೇಲಿ, ನೀರು, ಎಲ್ಲಾ ತೆಗೆದೆ. ಇಳಿಸಬೇಕು ಅನ್ನೋಷ್ಟರಲ್ಲಿ ಅವರು ಪಕ್ಕಕ್ಕೆ ಬಂದು, ‘ಸ್ವಲ್ಪ ಎಡಕ್ಕೆ ತಿರುಗಿಸಿ ಬ್ರದರ್, ಡ್ಯಾಂ ಬರಲಿ. ಡ್ಯಾಂ ಕಾಣದಿದ್ದರೆ ಸೈಟಿಗೆ ರೇಟೇ ಇಲ್ಲ’ ಅಂದರು. ಹೊಟ್ಟೆಯಲ್ಲಿ ಏನೋ ತಳಮಳ ಆಯಿತು. ಸುಳ್ಳು ಹೇಳಲ್ಲ, ಆಗಿದ್ದು ನಿಜ. ಆದರೂ ತಿರುಗಿಸಿದೆ. ತಿರುಗಿಸಿ ಬರೀ ಅಲ್ಲೇ ನಿಲ್ಲಿಸಲಿಲ್ಲ, ಗೇಟುಗಳು ಚೆನ್ನಾಗಿ ಬರಲಿ ಅಂತ ಸ್ವಲ್ಪ ಮುಂದಕ್ಕೂ ಬಿಟ್ಟೆ. ಒಳ್ಳೆ ಬೆಳಕು ಇತ್ತು, ಏನು ಮಾಡೋದು.

ಹತ್ತು ನಿಮಿಷದಲ್ಲಿ ಜೀಪು ಬಂತು.

ಠಾಣೆಯಲ್ಲಿ ನಾನು ಧೈರ್ಯವಾಗಿ ಫೋನ್ ತೆಗೆದು ಪತ್ರ ತೋರಿಸಿದೆ. ಎಸ್‌ಐ ಸಾಹೇಬರು ನಿಧಾನವಾಗಿ ಓದಿದರು. ಎರಡನೇ ಪುಟಕ್ಕೆ ಹೋದರು. ನನ್ನ ಮುಖ ನೋಡಿದರು. ‘ಇದು ಗ್ರಾಮ ಪಂಚಾಯಿತಿಯವರು ರಸ್ತೆಗೆ ಮಣ್ಣು ಹಾಕೋಕೆ ಕೊಟ್ಟ ಒಪ್ಪಿಗೆ. ಅದೂ ಹೋದ ವರ್ಷದ್ದು. ಓದಿದ್ದೀಯೇನಪ್ಪಾ?’ ಅಂದರು. ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ನಕ್ಕರು. ಆ ನಗು ಇದೆಯಲ್ಲ, ರಾತ್ರಿ ಮಲಗಿದರೆ ಈಗಲೂ ಕೇಳುತ್ತೆ. ಮಣ್ಣು ಹಾಕುವ ಪತ್ರ ಹಿಡಿದುಕೊಂಡು ಡ್ಯಾಂ ಮೇಲೆ ಡ್ರೋನ್ ಬಿಟ್ಟವನು ನಾನು.

ಅಲ್ಲಿಗೆ ಮುಗಿಯಲಿಲ್ಲ. ‘ಸಾರ್, ಇದು 250 ಗ್ರಾಂ ಒಳಗಿನ ನ್ಯಾನೋ ಡ್ರೋನ್, ಇದಕ್ಕೆ ಲೈಸೆನ್ಸ್ ಬೇಡ’ ಅಂದೆ. ಎದುರಿನ ಅಂಗಡಿಯಿಂದ ತಕ್ಕಡಿ ತರಿಸಿದರು. 290 ಗ್ರಾಂ! ಜಾಸ್ತಿ ಹೊತ್ತು ಹಾರಲಿ ಅಂತ ನಾನೇ ದೊಡ್ಡ ಬ್ಯಾಟರಿ ಹಾಕಿದ್ದೆ. 250 ಗ್ರಾಂ ದಾಟಿದರೆ ಅದು ಮೈಕ್ರೋ. ದುಡ್ಡಿನ ಕೆಲಸಕ್ಕೆ ಮೈಕ್ರೋ ಹಾರಿಸಿದರೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ನೋಂದಣಿಯ ಯುಐಎನ್ ನಂಬರೂ ಬೇಕು. ನನ್ನ ಹತ್ತಿರ ಎರಡೂ ಇಲ್ಲ. ಬಿಲ್ ಕೇಳಿದರು, ಅದೂ ಇಲ್ಲ, ಸೆಕೆಂಡ್ ಹ್ಯಾಂಡ್ ವಿದೇಶಿ ಡ್ರೋನ್. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದು ನಿಷೇಧ ಅಂತ ಆಗ ಗೊತ್ತಾಯಿತು. ಇನ್ನು ನ್ಯಾನೋನೇ ಆಗಿದ್ದರೂ ಕೆಂಪು ವಲಯ (ಕೇಂದ್ರದ ಒಪ್ಪಿಗೆ ಇಲ್ಲದೆ ಹಾರಿಸಬಾರದ ಜಾಗ) ಕೆಂಪು ವಲಯವೇ. ತೂಕ ಕಡಿಮೆ ಅಂತ ಯಾರೂ ಒಳಗೆ ಬಿಡಲ್ಲ.

ಹೊರಗೆ ಬಂದು ಬ್ರೋಕರ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಜೀಪು ಕಂಡ ಕೂಡಲೇ ‘ಒಂದು ನಿಮಿಷ’ ಅಂತ ಕಾರು ಹತ್ತಿ ಹೋದವನು ಅವನು. ಸಂಜೆ ಮೆಸೇಜ್ ಬಂತು: ‘ಡ್ಯಾಂ ಶೂಟ್ ಮಾಡಿ ಅಂತ ನಾನು ಹೇಳಿಲ್ಲ ಬ್ರದರ್.’ ನೀವೇ ಅಲ್ವಾ ತಿರುಗಿಸಿ ಅಂದಿದ್ದು ಅಂತ ಬರೆದೆ. ‘ತಿರುಗಿಸಿ ಅಂದೆ, ಹತ್ತಿರ ಹೋಗಿ ಅಂದ್ನಾ? ಪೈಲಟ್ ನೀವು.’ ಆಮೇಲೆ ಪಿಡಿಎಫ್ ಅಳಿಸಿದ. ಬಾಕಿ 7,000 ಕೇಳಿದ್ದಕ್ಕೆ ‘ವಿಡಿಯೋನೇ ಕೊಟ್ಟಿಲ್ಲ, ದುಡ್ಡು ಯಾವುದಕ್ಕೆ?’ ಅಂದ. ಮೆಮೊರಿ ಕಾರ್ಡ್ ಠಾಣೆಯಲ್ಲಿದೆ, ವಿಡಿಯೋ ಎಲ್ಲಿಂದ ತರಲಿ?

ಪೈಲಟ್ ನೀವು. ಸಿಟ್ಟು ಬರೋದು ಅದಕ್ಕೇ, ಆ ಮಾತೊಂದು ಮಾತ್ರ ಸುಳ್ಳಲ್ಲ.

ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ಇದೆ. ಹಸಿರು ಇದ್ದರೆ 400 ಅಡಿವರೆಗೆ ಅನುಮತಿ ಬೇಡ. ಹಳದಿಗೆ ವಾಯು ಸಂಚಾರ ನಿಯಂತ್ರಣದವರನ್ನು ಕೇಳಬೇಕು, ಕೆಂಪಿಗೆ ಕೇಂದ್ರ ಸರ್ಕಾರದ ಒಪ್ಪಿಗೆ. ನಾನು ನಕ್ಷೆ ನೋಡಿರಲಿಲ್ಲವಾ? ನೋಡಿದ್ದೆ. ನಮ್ಮ ಊರನ್ನು, ಎಂಟು ತಿಂಗಳ ಹಿಂದೆ. ಡ್ರೋನಿನ ಆ್ಯಪ್ ಏನೂ ಎಚ್ಚರಿಕೆ ಕೊಡಲಿಲ್ಲ ಅಂತಲೂ ಧೈರ್ಯ ಮಾಡಿದ್ದೆ. ಅದು ಕಂಪನಿಯವರ ನಕ್ಷೆ, ಸರ್ಕಾರದ್ದಲ್ಲ. ಬೇಕಾದಾಗ ಪೊಲೀಸರು 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯವನ್ನೂ ಮಾಡಬಹುದು. ಹಾಗಾಗಿ ಹಾರಿಸುವ ದಿನ, ಹಾರಿಸುವ ಜಾಗವನ್ನೇ ನೋಡಿ.

ಕಾವಲಿನವರ ಮೇಲೆ ನನಗೆ ಕೋಪ ಇಲ್ಲ. 2021ರ ಜೂನ್‌ನಲ್ಲಿ ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನಿನಿಂದಲೇ ಬಾಂಬ್ ಹಾಕಿದ್ದರು. ಕೆಳಗೆ ನಿಂತವರಿಗೆ ಮೇಲಿರೋದು ಮದುವೆ ಡ್ರೋನೋ ಇನ್ನೊಂದೋ ಹೇಗೆ ಗೊತ್ತಾಗಬೇಕು? ಇದೇ ಕೆಲಸ ಕೈಗಾ ಅಣುಸ್ಥಾವರದ ಹತ್ತಿರ ಮಾಡಿದ್ದರೆ ಅದನ್ನ ಕಾಯುವ ಕೇಂದ್ರ ಪಡೆ ಸಿಐಎಸ್‌ಎಫ್‌ನವರ ಮುಂದೆ ನಿಂತಿರುತ್ತಿದ್ದೆ. 2021ರ ಡ್ರೋನ್ ನಿಯಮದಲ್ಲಿ ದಂಡ 1 ಲಕ್ಷದವರೆಗೆ ಇದೆ. ನನಗೆ ಎಷ್ಟು ಬೀಳುತ್ತೋ. ವಕೀಲರ ಫೀಸ್ ಬೇರೆ.

ಗಿರಾಕಿ ಕೊಟ್ಟ ಪತ್ರ ನಂಬಬೇಡಿ. ಡ್ಯಾಂ, ಪವರ್ ಹೌಸ್, ರೈಲ್ವೆ, ಏನೇ ಪಕ್ಕದಲ್ಲಿದ್ದರೂ ನೀವೇ ಠಾಣೆಗೆ ಹೋಗಿ ಕೇಳಿ. ಬೇಡ ಅಂದರೆ ಅಡ್ವಾನ್ಸ್ ವಾಪಸ್ ಕೊಟ್ಟು ಮನೆಗೆ ಹೋಗಿ. ಬ್ಯಾಟರಿ ಹಾಕಿ ತೂಕ ನೋಡಿ, ಡಬ್ಬದ ಮೇಲೆ ಬರೆದಿರೋದನ್ನ ಅಲ್ಲ.

ಮೊನ್ನೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಅದೇ ಸೈಟು, ಅದೇ ಬೇಲಿ, ಹಿಂದೆ ಗೇಟುಗಳು. ‘ಡ್ಯಾಂ ವ್ಯೂ ಸೈಟ್, ಕೆಲವೇ ಬಾಕಿ’ ಅಂತ ಬರೆದಿದ್ದಾನೆ. ಅದನ್ನ ಹಾರಿಸಿದ ಹುಡುಗ ಯಾರೋ ಗೊತ್ತಿಲ್ಲ. ಇದನ್ನ ಓದ್ತಾ ಇದ್ದರೆ ಆ ಪಿಡಿಎಫ್‌ನ ಎರಡನೇ ಪುಟ ತೆಗೆದು ನೋಡು ಮಾರಾಯ.