ಗ್ರೀಸ್‌ನಲ್ಲಿ ಮೀನು ತಿನ್ನಲು ಹೊರಟಿದ್ದೀರಾ? ತೂಕ ನೋಡದೆ ಹೂಂ ಅನ್ನಬೇಡಿ

ಬೇಸಿಗೆ ರಜೆಗೆ ಗ್ರೀಸ್‌ಗೆ ಹೋಗುವ ನಮ್ಮವರು ಈಗೀಗ ಜಾಸ್ತಿ ಆಗಿದ್ದಾರೆ. ಬೆಂಗಳೂರಿನಿಂದಲೂ ಬರುತ್ತಾರೆ, ಯುರೋಪಿನಲ್ಲೇ ಇರುವವರೂ ಹೋಗುತ್ತಾರೆ. ಹೋಗಿ, ಖಂಡಿತ ಹೋಗಿ. ಆದರೆ ಬಂದರಿನ ಪಕ್ಕದ ಮೀನಿನ ಹೋಟೆಲಿನಲ್ಲಿ ಕುರ್ಚಿ ಎಳೆದು ಕೂರುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ.

ನಮಗೆ ಟೋಪಿ ಹಾಕಿದ್ದು ಹನ್ಯಾದಲ್ಲಿ. ಕ್ರೀಟ್ ದ್ವೀಪದ ಊರು ಅದು. ವೆನಿಸ್‌ನವರು ಆಳುತ್ತಿದ್ದಾಗ ಕಟ್ಟಿದ ಹಳೆ ಬಂದರು, ತುದಿಯಲ್ಲಿ ದೀಪಸ್ತಂಭ, ದಡದಲ್ಲಿ ತುರ್ಕರ ಕಾಲದ ಗುಮ್ಮಟದ ಮಸೀದಿ. ನೋಡಲು ಎರಡು ಕಣ್ಣು ಸಾಲದು. ಸಂಜೆಯಾದರೆ ನೀರಿನ ಅಂಚಿನುದ್ದಕ್ಕೂ ಮೇಜು ಹಾಕುತ್ತಾರೆ. ಪ್ರತಿ ಹೋಟೆಲಿನ ಮುಂದೆಯೂ ಕರೆಯಲೆಂದೇ ಒಬ್ಬ ನಿಂತಿರುತ್ತಾನೆ. ನಾವು ಹೊಕ್ಕ ಹೋಟೆಲಿನ ಹೆಸರು ಇಲ್ಲಿ ಹಾಕುವುದಿಲ್ಲ. ಹೆಸರು ಹೇಳಿದರೆ ನೀವು ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗಿ ಅದೇ ಪಾಡು ಪಡುತ್ತೀರಿ, ಅಷ್ಟೇ. ಹಾಗಂತ ಹನ್ಯಾದವರೆಲ್ಲ ಹೀಗೆ ಅಂತಲೂ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಾವು ನಾಲ್ಕು ಜನ. ನಾನು, ಹೆಂಡತಿ, ಊರಿಂದ ಬಂದಿದ್ದ ಅಮ್ಮ ಮತ್ತು ಅಪ್ಪಯ್ಯ. ಅಪ್ಪಯ್ಯ ಗಂಗೊಳ್ಳಿ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡಿಕೊಂಡೇ ನಮ್ಮನ್ನೆಲ್ಲ ಓದಿಸಿದವರು. ಅವರಿಗೆ ಹಳಸಿದ ಮೀನು ದಾಟಿಸುವುದು ಸುಲಭದ ಮಾತಲ್ಲ. ಮೋಸ ಮಾಡುವವನು ಬೇರೆ ದಾರಿ ಹುಡುಕಬೇಕು. ಅವನು ಹುಡುಕಿದ.

ಬಾಗಿಲಲ್ಲಿ ನಿಂತವ ಮೆನು ಕೊಡಲೇ ಇಲ್ಲ. "ಮೆನು ಯಾಕೆ, ಬನ್ನಿ ಮೀನೇ ನೋಡಿ" ಅಂತ ಒಳಗೆ ಕರೆದುಕೊಂಡು ಹೋದ. ಗ್ರೀಸ್‌ನಲ್ಲಿ ಇದು ಹೊಸದೇನಲ್ಲ. ಒಳ್ಳೆ ಹೋಟೆಲಿನವರೂ ಐಸ್ ಮೇಲಿಟ್ಟ ಮೀನು ತೋರಿಸುತ್ತಾರೆ, ನಾವು ಆರಿಸಬಹುದು. ಅಪ್ಪಯ್ಯನಿಗಂತೂ ಖುಷಿಯೋ ಖುಷಿ. ಒಂದು ಕೆಂಪು ಮೀನು ಎತ್ತಿದರು. ಕಿವಿರು ಬಿಡಿಸಿ ನೋಡಿದರು, ರಕ್ತದ ಬಣ್ಣ. ಕಣ್ಣು ಗಾಜಿನ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಮೈ ಒತ್ತಿದರು, ಗುಂಡಿ ನಿಲ್ಲಲಿಲ್ಲ. "ಒಂದೂಕಾಲು ಕೆಜಿ ಇರತ್" ಅಂದರು. ಅಲ್ಲಿಯವರು ಫಗ್ರಿ ಅನ್ನುವ ಮೀನು ಅದು. ಕೆಜಿಗೆ 75 ಯೂರೋ ಅಂದ. ಅಂದರೆ ನಮ್ಮ ಲೆಕ್ಕದಲ್ಲಿ ಏಳೆಂಟು ಸಾವಿರ ರೂಪಾಯಿ. ಜಾಸ್ತಿಯೇ, ಆದರೆ ಬಲೆಗೆ ಬಿದ್ದ ಕಡಲಿನ ಮೀನಿಗೆ ಬಂದರಿನ ಹೋಟೆಲಿನಲ್ಲಿ ಕೇಳದ ರೇಟೇನಲ್ಲ. ತೂಕ ಎಷ್ಟು ಅಂದೆ. "ಒಳಗೆ ತೂಗುತ್ತೇವೆ, ಚಿಂತೆ ಬೇಡ, ನೀವು ಕೂತುಕೊಳ್ಳಿ" ಅಂತ ಮೀನು ಹಿಡಿದುಕೊಂಡು ಅಡುಗೆಮನೆಗೆ ನಡೆದೇಬಿಟ್ಟ.

ಮೋಸ ನಡೆಯುವುದು ಇಲ್ಲೇ. ರೇಟಿನಲ್ಲಿ ಅಲ್ಲ, ತೂಕದಲ್ಲಿ. ಕೆಜಿ ಲೆಕ್ಕ ಹಾಕುವುದು ಹಸಿ ಮೀನಿಗೆ, ಅದೂ ಕರುಳು ತೆಗೆಯುವ ಮುಂಚಿನ ತೂಕಕ್ಕೆ. ಅಲ್ಲಿನ ಪದ್ಧತಿಯೇ ಹಾಗೆ, ಅದರಲ್ಲಿ ತಪ್ಪಿಲ್ಲ. ತಲೆ, ಹೊಟ್ಟೆ, ಮುಳ್ಳು ಎಲ್ಲ ಹೋಗಿ ಕೆಂಡದ ಮೇಲೆ ಸುಟ್ಟು ಬಂದ ಮೇಲೆ ಬಾಯಿಗೆ ಸಿಗುವುದು ಅರ್ಧದಷ್ಟು. ಹಾಗಾಗಿ ತಟ್ಟೆಗೆ ಬಂದದ್ದನ್ನು ನೋಡಿ ಹಸಿ ತೂಕ ಎಷ್ಟಿತ್ತು ಅಂತ ಯಾರಿಗೂ ಸಾಬೀತು ಮಾಡಲು ಆಗುವುದಿಲ್ಲ. ತಕ್ಕಡಿ ಕಣ್ಣ ಮುಂದೆ ಇಲ್ಲದಿದ್ದರೆ ಬಿಲ್ಲಿನಲ್ಲಿ ಅವರು ಬರೆದದ್ದೇ ತೂಕ.

ಕೂತ ಕೂಡಲೇ ಬ್ರೆಡ್ ಬಂತು. ಹಿಂದೆಯೇ ಮೂರು ಬಟ್ಟಲು: ಮೊಸರು-ಸೌತೆಕಾಯಿಯ ತ್ಸಾತ್ಸಿಕಿ, ಮೀನಿನ ಮೊಟ್ಟೆಯ ತರಾಮಸಲಾತಾ, ಆಲಿವ್. ನಾವು ಕೇಳಿರಲಿಲ್ಲ. ಬ್ರೆಡ್ಡಿಗೆ ತಲೆಗಿಷ್ಟು ಅಂತ 'ಕುವೇರ್' ಹಾಕುವುದು ಅಲ್ಲಿ ಮಾಮೂಲು, ಸಾಧಾರಣ ಹೋಟೆಲಿನಲ್ಲಿ ಒಂದೆರಡು ಯೂರೋ ಆಗುತ್ತದೆ. ಬೇಡ ಅಂದರೆ ವಾಪಸ್ ಒಯ್ಯುತ್ತಾರೆ. ಬಟ್ಟಲುಗಳ ಕತೆಯೂ ಅದೇ. ಮುಟ್ಟಿದರೆ ಮುಗಿಯಿತು, ಅವು ನಿಮ್ಮವು.

ಜತೆಗೆ ಕರಿದ ಕಲಮಾರಿ ಹೇಳಿದೆವು. ಅಂದರೆ ಸ್ಕ್ವಿಡ್, ನಮ್ಮ ಕಡೆಯ ಬೊಂಡಾಸು. ಇದರ ಬಗ್ಗೆ ಒಂದು ಮಾತು. ಗ್ರೀಸ್‌ನಲ್ಲಿ ಮೆನುವಿನ ಹೆಸರಿನ ಪಕ್ಕ ನಕ್ಷತ್ರದ ಗುರುತೋ, ಗ್ರೀಕಿನಲ್ಲಿ 'ಕತ್.' ಅಂತ ಚಿಕ್ಕದಾಗಿ ಬರೆದದ್ದೋ ಇದ್ದರೆ ಅದು ಫ್ರೀಜ್ ಮಾಡಿದ ಮಾಲು ಅಂತ ಅರ್ಥ. ಹಾಗೆ ಗುರುತು ಹಾಕಲೇಬೇಕು ಅಂತ ನಿಯಮ ಇದೆ. ಬೊಂಡಾಸು, ಒಕ್ಟೋಪಸ್, ಸಿಗಡಿ ಹೆಚ್ಚಾಗಿ ಹೊರದೇಶದಿಂದ ಫ್ರೀಜ್ ಆಗಿಯೇ ಬರುತ್ತವೆ. ಭಾರತದ ಬೊಂಡಾಸು ಕೂಡ ಸ್ಪೇನ್, ಇಟಲಿ, ಗ್ರೀಸ್‌ಗೆ ಹೋಗುತ್ತದೆ. ಮಲ್ಪೆಯಲ್ಲಿ ಹಿಡಿದದ್ದನ್ನು ಹನ್ಯಾದಲ್ಲಿ 18 ಯೂರೋ ಕೊಟ್ಟು ತಿಂದರೂ ತಿಂದಿರಬಹುದು ನಾವು! ರುಚಿಗೆ ಏನೂ ಕಮ್ಮಿ ಇರಲಿಲ್ಲ ಬಿಡಿ. ಆದರೆ "ಎಲ್ಲ ಇವತ್ತಿಂದು, ನನ್ನ ತಮ್ಮನ ಬೋಟಿಂದು" ಅಂತ ಹೇಳಿದ್ದು ಸುಳ್ಳು. ಆಮೇಲೆ ಮೆನು ತರಿಸಿ ನೋಡಿದಾಗ ಅದರ ಪಕ್ಕ ನಕ್ಷತ್ರ ಮಿನುಗುತ್ತಿತ್ತು.

ಮುಕ್ಕಾಲು ಗಂಟೆ ಬಿಟ್ಟು ಮೀನು ಬಂತು. ತಲೆ ಇಲ್ಲ, ಬಾಲ ಇಲ್ಲ, ನಡುಮುಳ್ಳು ಇಲ್ಲ. ತುಂಡು ಮಾಡಿ, ಮೇಲೆ ಎಣ್ಣೆ-ನಿಂಬೆರಸ ಸುರಿದು, ಪಾರ್ಸ್ಲಿ ಸೊಪ್ಪು ಉದುರಿಸಿ ಅಂದವಾಗಿ ಜೋಡಿಸಿದ್ದರು. "ನಿಮಗೆ ಮುಳ್ಳಿನ ತೊಂದರೆ ಬೇಡ ಅಂತ" ಅಂದ ಸಪ್ಲೈಯರ್. ಮುಳ್ಳಿನ ತೊಂದರೆ, ಅದೂ ಗಂಗೊಳ್ಳಿಯವರಿಗೆ!

ಅಪ್ಪಯ್ಯ ಫೋರ್ಕ್ ಕೆಳಗಿಟ್ಟರು. ಒಂದು ತುಂಡನ್ನು ಬೆರಳಿನಿಂದ ಮಗುಚಿ ಚರ್ಮ ನೋಡಿದರು. "ಇದ್ ಆ ಮೀನ್ ಅಲ್ಲ ಮಗಾ" ಅಂದರು. ನಾವು ಆರಿಸಿದ್ದು ಕೆಂಪು ಮೀನು. ತಟ್ಟೆಯಲ್ಲಿದ್ದ ಚರ್ಮ ಬೂದು-ಬೆಳ್ಳಿ ಬಣ್ಣದ್ದು. ಸುಟ್ಟರೆ ಚರ್ಮ ಕಪ್ಪಾಗಬಹುದು, ಕೆಂಪು ಮೀನು ಬೆಳ್ಳಿಯಾಗುವುದಿಲ್ಲ. ಹೊಟ್ಟೆಯ ಕಡೆ ತುಂಡಿನಲ್ಲಿ ಕೊಬ್ಬು ದಪ್ಪಗೆ ಕೂತಿತ್ತು. ತುಂಡುಗಳನ್ನು ಜೋಡಿಸಿ ನೋಡಿದರೆ ಒಂದು ದೊಡ್ಡ ಮೀನಿನದ್ದಲ್ಲ, ಎರಡು ಸಣ್ಣ ಮೀನಿನದ್ದು.

ನನ್ನ ಅನುಮಾನ ಇಷ್ಟು: ಅದು ತ್ಸಿಪೂರಾ ಅನ್ನುವ ಸಾಕಿದ ಮೀನು. ಗ್ರೀಸ್ ಈ ಮೀನನ್ನೂ ಲವ್ರಾಕಿ ಅನ್ನುವ ಇನ್ನೊಂದನ್ನೂ ಸಮುದ್ರದಲ್ಲಿ ಬಲೆಯ ಪಂಜರ ಇಳಿಸಿ ದೊಡ್ಡ ಪ್ರಮಾಣದಲ್ಲಿ ಸಾಕುತ್ತದೆ, ಯುರೋಪಿಗೆಲ್ಲ ಕಳಿಸುತ್ತದೆ. ಕೆಟ್ಟ ಮೀನೇನಲ್ಲ. ಅಲ್ಲಿನ ಮನೆಗಳಲ್ಲೂ ತಿನ್ನುತ್ತಾರೆ. ಆದರೆ ಕಡಲಿನ ಮೀನಿಗಿಂತ ಎಷ್ಟೋ ಅಗ್ಗ. ಹೆಚ್ಚಾಗಿ ಒಬ್ಬರಿಗೆ ಒಂದು ಅನ್ನುವಂತೆ ಅರ್ಧ ಕೆಜಿ ಆಸುಪಾಸಿನ ಒಂದೇ ಅಳತೆಯಲ್ಲಿ ಸಿಗುತ್ತದೆ. ಮೆನುವಿನಲ್ಲಿ ಹಾಗಂತಲೇ ಬರೆದು, ಆ ಬೆಲೆಗೇ ಕೊಡುವ ಹೋಟೆಲುಗಳು ಬೇಕಾದಷ್ಟಿವೆ. ಅದನ್ನೇ ಫಗ್ರಿ ಅಂತ ಕೆಜಿಗೆ 75ರ ಲೆಕ್ಕದಲ್ಲಿ ಕೊಟ್ಟರೆ ಅದು ದರೋಡೆ.

ಸಪ್ಲೈಯರನ್ನು ಕರೆದು ಕೇಳಿದರೆ "ಅದೇ ಮೀನು ಸರ್, ಬೇಯಿಸಿದ ಮೇಲೆ ಹಾಗೆ ಕಾಣುತ್ತದೆ" ಅಂದ. ತಲೆ ತಂದು ತೋರಿಸು ಅಂದೆ. ಬಿಸಾಡಿದ್ದೇವೆ ಅಂದ. ಅಮ್ಮ "ಸುಮ್ನೆ ಯಾಕೆ ಗಲಾಟೆ, ತಿಂದು ಎದ್ದು ಹೋಪ" ಅನ್ನುತ್ತಿದ್ದರು. ತಿಂದೆವು.

ಆಮೇಲೆ ಬಿಲ್ಲು. ಚೀಟಿಯಲ್ಲಿ ಕೈಬರಹ. ಮೀನು 2.35 ಕೆಜಿ, 176.25 ಯೂರೋ. ಕಲಮಾರಿ 18. ಸಾಲಡ್ 12. ಕೇಳದೆ ತಂದ ಬಟ್ಟಲುಗಳು ತಲಾ 7ರಂತೆ 21. ಕುವೇರ್ ತಲೆಗೆ ಮೂರೂವರೆಯಂತೆ 14. ನೀರು 10. ಅರ್ಧ ಲೀಟರ್ ವೈನ್ 12. ಒಟ್ಟು 263.25. ಕಾರ್ಡ್ ಕೊಟ್ಟರೆ "ಮಷೀನ್ ಕೆಟ್ಟಿದೆ, ಕ್ಯಾಶ್ ಕೊಡಿ" ಅಂದ.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ, ದುಡ್ಡು ಉಳಿಯುವುದು ಇಲ್ಲಿ. ಗ್ರೀಸ್‌ನಲ್ಲಿ ಹೋಟೆಲಿನವರು ಕಾರ್ಡ್ ತಗೊಳ್ಳಲೇಬೇಕು. ಎರಡನೆಯದು, ಕಾನೂನುಬದ್ಧ ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಾಗಿಲ್ಲ. ಇದು ನನ್ನ ಮಾತಲ್ಲ. ಅಲ್ಲಿನ ಮೆನುಗಳಲ್ಲಿ ಗ್ರೀಕ್ ಮತ್ತು ಇಂಗ್ಲಿಷ್ ಎರಡರಲ್ಲೂ ಈ ಸಾಲು ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ಕೊನೇ ಪುಟದಲ್ಲಿ. ರಸೀದಿಗೆ 'ಅಪೋದಿಕ್ಸಿ' ಅನ್ನುತ್ತಾರೆ. ಕೈಬರಹದ ಚೀಟಿ ಅಪೋದಿಕ್ಸಿ ಅಲ್ಲ. ಮಷೀನಿನಿಂದ ಬಂದ ಆರ್ಡರ್ ಚೀಟಿಯೂ ಅಲ್ಲ. ತೆರಿಗೆ ನಂಬರು, ತೆರಿಗೆ ಮೊತ್ತ ಎಲ್ಲ ಇರುವ ಮುದ್ರಿತ ರಸೀದಿ ಬೇಕು.

ಮೆನು ತರಿಸಿ ಆ ಸಾಲಿನ ಮೇಲೆ ಬೆರಳಿಟ್ಟೆ. "ಅಪೋದಿಕ್ಸಿ ಕೊಡಿ, ಈಗಲೇ ಕೊಡುತ್ತೇನೆ" ಅಂದೆ. ದನಿ ಏರಿಸಲಿಲ್ಲ. ಮ್ಯಾನೇಜರ್ ಬಂದ. ಮೊದಲು ನಕ್ಕ, ಆಮೇಲೆ ಸಿಟ್ಟಾದ, ಆಮೇಲೆ ಅವನಿಗೆ ಇಂಗ್ಲಿಷೇ ಮರೆತುಹೋಯಿತು. ಫೋನ್ ತೆಗೆದು 1571 ಒತ್ತಿ ಮೇಜಿನ ಮೇಲಿಟ್ಟೆ, ಕರೆ ಮಾಡಲಿಲ್ಲ. ಅದು ಗ್ರೀಸ್‌ನ ಟೂರಿಸ್ಟ್ ಪೊಲೀಸರ ನಂಬರು. ನೋಡಿದ. ಒಳಗೆ ಹೋದ. ಐದು ನಿಮಿಷಕ್ಕೆ ಕೆಟ್ಟಿದ್ದ ಮಷೀನ್ ಸರಿಹೋಯಿತು, ಮೀನಿನ ತೂಕ 1.3 ಕೆಜಿಗೆ ಇಳಿಯಿತು! ಮೊತ್ತ 184.50. ಬಟ್ಟಲುಗಳ 21 ಯೂರೋ ಬಿಡಲಿಲ್ಲ, ನಾವು ಅವನ್ನು ನೆಕ್ಕಿ ಖಾಲಿ ಮಾಡಿದ್ದೆವಲ್ಲ. ಸಾರಿ ಅನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮೀನು ಬದಲಾಗಿದ್ದಕ್ಕೆ ಸಾಕ್ಷಿ ಇರಲಿಲ್ಲ, ಅದನ್ನು ಅಲ್ಲಿಗೇ ಬಿಟ್ಟೆವು.

ನಮ್ಮದು ಸಣ್ಣ ಮೊತ್ತ. 2019ರಲ್ಲಿ ಮೈಕೊನೋಸ್ ದ್ವೀಪದ ಬೀಚ್ ಹೋಟೆಲೊಂದರ 836 ಯೂರೋ ಬಿಲ್ಲು ಸುದ್ದಿಯಾಗಿತ್ತು, ಕಲಮಾರಿ, ಬಿಯರ್, ಸಾಲಡ್‌ಗೆ. ಇಟಲಿಯೂ ಏನು ಕಮ್ಮಿ ಇಲ್ಲ. 2018ರಲ್ಲಿ ವೆನಿಸ್‌ನಲ್ಲಿ ನಾಲ್ವರು ಜಪಾನಿ ವಿದ್ಯಾರ್ಥಿಗಳಿಗೆ ಮಾಂಸ ಮತ್ತು ಕರಿದ ಮೀನಿಗೆ 1,100 ಯೂರೋ ಬಿಲ್ಲು ಹಾಕಿದ್ದರು. ಅಲ್ಲಿ ಮೀನಿನ ಬೆಲೆಯ ಮುಂದೆ 'ಎತ್ತೊ' ಅಂತ ಇದ್ದರೆ ಅದು ನೂರು ಗ್ರಾಮಿನ ಬೆಲೆ. ಎಂಟು ಯೂರೋ ಅಂತ ನೋಡಿ ಒಂದು ಕೆಜಿಯ ಇಡೀ ಮೀನು ಹೇಳಿದರೆ ಎಂಬತ್ತಾಗಿರುತ್ತದೆ.

ಮಾರನೇ ದಿನ ನಾವು ಉಳಿದುಕೊಂಡಿದ್ದ ಮನೆಯ ಒಡತಿಯನ್ನು ಕೇಳಿದೆವು, ನೀವು ಮೀನು ತಿನ್ನಲು ಎಲ್ಲಿಗೆ ಹೋಗುತ್ತೀರಿ ಅಂತ. ನೆಯಾ ಹೋರಾ ಅಂದರು. ಹಳೆ ಬಂದರಿನಿಂದ ಪಶ್ಚಿಮಕ್ಕೆ ನಡೆದೇ ಹೋಗಬಹುದಾದ ಸಣ್ಣ ಬೀಚು. ಅಲ್ಲಿ ಬಾಗಿಲಲ್ಲಿ ನಿಂತು ಯಾರೂ ಕರೆಯಲಿಲ್ಲ. ಮೀನು ಆರಿಸಿದ ಮೇಲೆ ನಮ್ಮೆದುರೇ ತಕ್ಕಡಿಗೆ ಹಾಕಿ, ಗ್ರಾಮೂ ಬೆಲೆಯೂ ಕಾಗದದ ಮೇಜುಹಾಸಿನ ಮೂಲೆಯಲ್ಲಿ ಬರೆದು, ನಾವು ತಲೆ ಆಡಿಸಿದ ಮೇಲಷ್ಟೇ ಒಳಗೆ ಒಯ್ದರು. ಅದು ತಲೆ-ಬಾಲ ಸಮೇತ ವಾಪಸ್ ಬಂತು. ಜತೆಗೆ ಗಾವ್ರೊ ಅನ್ನುವ ಸಣ್ಣ ಮೀನು ಕರಿದದ್ದು ಮತ್ತು ಸಾರ್ಡೀನ್ ಹೇಳಿದೆವು. ಸಾರ್ಡೀನ್ ಅಂದರೆ ನಮ್ಮ ಬೈಗೆ, ಮಂಗಳೂರಿನವರ ಬೂತಾಯಿಯ ಬಳಗ. ಇಂಥ ಸಣ್ಣ ಮೀನಿಗೆ ಹೆಚ್ಚಿನ ಕಡೆ ಪ್ಲೇಟಿನ ಲೆಕ್ಕ, ತೂಕದ ರಗಳೆಯೇ ಇಲ್ಲ. ಖರ್ಚು ಕಮ್ಮಿ ಬೇಕಾದರೆ ಇದನ್ನೇ ಹೇಳಿ, ರುಚಿಯಲ್ಲಿ ಫಗ್ರಿಗಿಂತ ಒಂದು ಕೈ ಮೇಲೆ ಅನ್ನುತ್ತೇನೆ ನಾನು. ಊಟ ಮುಗಿದ ಮೇಲೆ ಕಲ್ಲಂಗಡಿ ಹಣ್ಣು ಮತ್ತು ತ್ಸಿಕುದ್ಯಾ ಅನ್ನುವ ಸಾರಾಯಿ ಬಂತು. ಅಪ್ಪಯ್ಯ ಹುಷಾರಾಗಿ "ಇದಕ್ಕೆಷ್ಟ್ ಕೇಣ್" ಅಂದರು. ಕೇಳಿದೆ. ಅದು ಪುಕ್ಕಟೆ, ಕ್ರೀಟ್‌ನವರ ಮರ್ಯಾದೆ.

ದೂರು ಕೊಡಬೇಕಾದರೆ ಗ್ರಾಹಕರ ಸಹಾಯವಾಣಿ 1520. ಬಿಲ್ಲಿನ, ಮೆನುವಿನ ಫೋಟೊ ತೆಗೆದಿಟ್ಟುಕೊಳ್ಳಿ, ಐಸ್ ಮೇಲಿನ ಮೀನಿನದ್ದನ್ನು ಆರಿಸುವಾಗಲೇ ತೆಗೆಯಿರಿ. ಭಾರತದ ಕಾರ್ಡ್ ಇರುವವರಿಗೆ ಇನ್ನೊಂದು ಮಾತು: ಮಷೀನ್ ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಾ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ರೇಟು. ಸಪ್ಲೈಯರ್ ನಿಮ್ಮ ಪರವಾಗಿ ಒತ್ತಲು ಬಂದರೆ ಮಷೀನ್ ಕೈಗೆ ತಗೊಂಡು ನೀವೇ ಒತ್ತಿ.